ಹಪ್ಪಳ ಏಳದ ಹಾಗೆ: ಅಲ್ಯುಮಿನಿಯಂ ಬಾಗಿಲಿಗೂ ಮನೆಯ ಗ್ರಿಲ್ಲು, ಗೇಟಿಗೂ ಬಣ್ಣ ಹಚ್ಚುವ ಕ್ರಮ

ಬಚ್ಚಲುಮನೆಗೆ ಮರದ ಬಾಗಿಲು ಹಾಕಿಸಿ, ಅದರ ಕೆಳತುದಿ ನೀರು ಕುಡಿದು ಕೊಳೆಯುವುದನ್ನು ಕಂಡವರು ಮುಂದಿನ ಸಲ ಅಲ್ಯುಮಿನಿಯಂ ಬಾಗಿಲನ್ನೇ ಹಾಕಿಸುತ್ತಾರೆ. ಅದಕ್ಕೆ ಗೆದ್ದಲಿನ ಭಯವಿಲ್ಲ, ಮಳೆಗಾಲದಲ್ಲಿ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವ ಕಾಟವೂ ಇಲ್ಲ. ಆದರೆ ಕೆಲವು ವರ್ಷ ಕಳೆಯುವ ಹೊತ್ತಿಗೆ ಹೊಳಪು ಮಾಸುತ್ತದೆ. ಸೋಪಿನ ನೀರು ಸಿಡಿದಲ್ಲಿ ಬೂದು ಕಲೆ, ಕೆಳಗಡೆ ಬಿಳಿ ಪುಡಿ. ಆಗ ಮನೆಯಲ್ಲಿ ಉಳಿದಿದ್ದ ಎನಾಮೆಲ್ ಡಬ್ಬಿ ಹೊರಬರುತ್ತದೆ. ಬಳಿದ ಮೊದಲ ವಾರ ಬಾಗಿಲು ಹೊಸದೇ ಅನ್ನಿಸುತ್ತದೆ. ಕೆಲವೇ ತಿಂಗಳಲ್ಲಿ ಚಿಲಕದ ಸುತ್ತ ಬಣ್ಣ ಹಪ್ಪಳದ ಹಾಗೆ ಏಳತೊಡಗುತ್ತದೆ. ಉಗುರು ಹಾಕಿ ಎಳೆದರೆ ಅಂಗೈಯಗಲದ ಸಿಪ್ಪೆ ಒಂದೇ ಎಳೆತಕ್ಕೆ ಕಿತ್ತು ಬರುತ್ತದೆ. ಅಡಿಯ ಲೋಹಕ್ಕೆ ಬಣ್ಣ ಸೋಕಿದ ಗುರುತೂ ಇರುವುದಿಲ್ಲ.

ಇಲ್ಲಿ ತಪ್ಪು ಬಣ್ಣದ್ದಲ್ಲ. ಯಾವ ಬಣ್ಣ ಎಂದು ಮನೆಮಂದಿಯೆಲ್ಲ ಸೇರಿ ಚರ್ಚಿಸಿರುತ್ತಾರೆ, ಅದರ ಅಡಿಗೆ ಏನು ಹೋಗಬೇಕೆಂದು ಮಾತ್ರ ಯಾರೂ ಕೇಳಿರುವುದಿಲ್ಲ. ಬಣ್ಣವನ್ನು ನಮ್ಮ ಇಷ್ಟಕ್ಕೆ ಆರಿಸಿಕೊಳ್ಳಬಹುದು, ಪ್ರೈಮರನ್ನು ಲೋಹ ನೋಡಿಯೇ ಆರಿಸಬೇಕು. ಕಬ್ಬಿಣಕ್ಕೆಂದು ಮಾಡಿದ ರೆಡ್ ಆಕ್ಸೈಡನ್ನು ಅಲ್ಯುಮಿನಿಯಂಗೂ ಜಿಐ ಶೀಟಿಗೂ ಬಳಿಯುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಲೋಹ ಅಂದರೆ ರೆಡ್ ಆಕ್ಸೈಡ್ ಎಂದೇ ಬಹಳ ಜನ ತಿಳಿದಿದ್ದಾರೆ. ಈ ಒಂದು ತಿಳಿವಳಿಕೆ ಸರಿಹೋದರೆ ಅರ್ಧ ಕೆಲಸ ಮುಗಿದ ಹಾಗೆ.

ಅಲ್ಯುಮಿನಿಯಂ ಯಾಕೆ ಹೀಗೆ? ಗಾಳಿ ಸೋಕಿದ ಕ್ಷಣದಲ್ಲೇ ಅದರ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಅದರ ದಪ್ಪ 2ರಿಂದ 4 ನ್ಯಾನೊಮೀಟರ್, ಕಣ್ಣಿಗೆ ಕಾಣದಷ್ಟು ತೆಳು. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ತೆಗೆಯುವ ಅಲ್ಯುಮಿನಾ ಎಂಬ ಬಿಳಿ ಪುಡಿಯೂ, ಎಮರಿ ಕಾಗದಕ್ಕೆ ಹರಿತ ಕೊಡುವ ಕುರುಂದವೂ ರಾಸಾಯನಿಕವಾಗಿ ಇದೇ ವಸ್ತು. ಕಬ್ಬಿಣದ ತುಕ್ಕು ಸಡಿಲವಾಗಿ ಉದುರಿ, ಅಡಿಯ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಅಲ್ಯುಮಿನಿಯಂನ ಪೊರೆ ಬಿಗಿಯಾಗಿ ಕೂತು ಒಳಗಿನ ಲೋಹವನ್ನು ಕಾಯುತ್ತದೆ. ಲೋಹಕ್ಕೆ ಒಳ್ಳೆಯದಾದ ಈ ಗುಣವೇ ಬಣ್ಣಕ್ಕೆ ತೊಡಕು. ಗೋಡೆ, ಮರ ಬಣ್ಣವನ್ನು ಸ್ವಲ್ಪವಾದರೂ ಹೀರಿಕೊಳ್ಳುತ್ತವೆ. ಈ ನುಣುಪು ಮೈ ಒಂದು ಹನಿಯನ್ನೂ ಹೀರುವುದಿಲ್ಲ. ಅದರ ಮೇಲೆ ಕಾರ್ಖಾನೆಯ ಎಣ್ಣೆಯ ಪಸೆ, ಬಚ್ಚಲಿನ ಸೋಪಿನ ಜಿಡ್ಡು, ಸಡಿಲವಾದ ಬಿಳಿ ಪುಡಿ ಸೇರಿದರೆ ಬಣ್ಣ ಕೂರುವುದು ಲೋಹದ ಮೇಲಲ್ಲ, ಕೊಳೆಯ ಮೇಲೆ.

ಇನ್ನೊಂದು ಕಾರಣವೂ ಇದೆ. ಬಿಸಿಲಿಗೆ ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. 2 ಮೀಟರ್ ಎತ್ತರದ ಬಾಗಿಲು 25 ಡಿಗ್ರಿ ಬಿಸಿಯೇರಿದರೆ 1 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಉದ್ದವಾಗುತ್ತದೆ, ಸಂಜೆ ಮತ್ತೆ ಕುಗ್ಗುತ್ತದೆ. ಹಿಡಿತವಿಲ್ಲದ ಬಣ್ಣ ಈ ಎಳೆದಾಟವನ್ನು ಎಷ್ಟು ದಿನ ತಡೆದೀತು?

ಹಂತ 1: ಮೊದಲು ಲೋಹವನ್ನು ಗುರುತಿಸಿ

ಒಂದು ಅಯಸ್ಕಾಂತ ತೆಗೆದುಕೊಳ್ಳಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆಯಾದರೂ ಸರಿ. ಅಂಟಿಕೊಂಡರೆ ಅದು ಕಬ್ಬಿಣ ಅಥವಾ ಸತುವಿನ ಲೇಪವಿರುವ ಜಿಐ. ಅಂಟದಿದ್ದರೆ ಬಾಗಿಲು ಕಿಟಕಿಗಳ ಮಟ್ಟಿಗೆ ಅದು ಅಲ್ಯುಮಿನಿಯಂ ಎಂದು ತಿಳಿಯಬಹುದು. ಸ್ಟೇನ್‌ಲೆಸ್ ಸ್ಟೀಲಿನ ಕೆಲವು ಬಗೆಗಳೂ ಅಂಟುವುದಿಲ್ಲ, ಆದರೆ ಎತ್ತಿ ನೋಡಿದರೆ ತೂಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಜಿಐ ಶೀಟಿನ ಮೇಲೆ ಹರಳು ಹರಡಿದಂಥ ಬೂದು ಚಿತ್ತಾರ ಸಾಮಾನ್ಯವಾಗಿ ಕಾಣುತ್ತದೆ.

ಅಲ್ಯುಮಿನಿಯಂ ಎಂದು ಗೊತ್ತಾದ ಮೇಲೆ ಅದರ ಮೈ ಯಾವ ಬಗೆಯದು ಎಂದು ನೋಡಬೇಕು. ಏನೂ ಲೇಪವಿಲ್ಲದ ಬರಿ ಸೆಕ್ಷನ್ ಒಂದು. ಆನೊಡೈಸ್ ಮಾಡಿದ್ದು ಇನ್ನೊಂದು: ಇದರಲ್ಲಿ ವಿದ್ಯುತ್ ಹರಿಸಿ ಆಕ್ಸೈಡಿನ ಪೊರೆಯನ್ನು ಹತ್ತಿಪ್ಪತ್ತು ಮೈಕ್ರಾನ್ ದಪ್ಪಕ್ಕೆ ಬೆಳೆಸಿರುತ್ತಾರೆ, ಅಂದರೆ ಸಹಜ ಪೊರೆಯ ಸಾವಿರಾರು ಪಟ್ಟು. ಮೂರನೆಯದು ಪೌಡರ್ ಕೋಟಿಂಗ್: ಬಿಳಿ, ಕಂದು ಬಣ್ಣದ ಬಾಗಿಲುಗಳು ಹೆಚ್ಚಾಗಿ ಇದೇ, ಬ್ಲೇಡಿನಿಂದ ಕೆರೆದರೆ ಪ್ಲಾಸ್ಟಿಕ್ಕಿನಂಥ ಪದರ ಎದ್ದು ಬರುತ್ತದೆ. ಬರಿ ಲೋಹವೋ ಆನೊಡೈಸ್ ಆದದ್ದೋ ಎಂದು ಕಣ್ಣಿಗೆ ತಿಳಿಯದಿದ್ದರೆ ಮಲ್ಟಿಮೀಟರಿನ ಎರಡು ಮೊನೆಗಳನ್ನು ಮೆಲ್ಲಗೆ ಮುಟ್ಟಿಸಿ ನೋಡಿ. ಬರಿ ಲೋಹದಲ್ಲಿ ವಿದ್ಯುತ್ ಹರಿದು ಬೀಪ್ ಕೇಳುತ್ತದೆ. ಆನೊಡೈಸ್ ಪೊರೆ ವಿದ್ಯುತ್ತನ್ನು ತಡೆಯುತ್ತದೆ.

ಪೌಡರ್ ಕೋಟಿಂಗ್ ಗಟ್ಟಿಯಾಗಿ ಕೂತಿದ್ದರೆ ಅದನ್ನು ಕಿತ್ತು ಹಾಕುವ ಶ್ರಮ ಬೇಡ. ಹೊಳಪು ಹೋಗುವಷ್ಟು ತಿಕ್ಕಿದರೆ ಅದೇ ಒಳ್ಳೆಯ ನೆಲೆ. ಆನೊಡೈಸ್ ಆದದ್ದು ಚೆನ್ನಾಗಿಯೇ ಇದ್ದರೆ ನನ್ನ ಸಲಹೆ, ಅದಕ್ಕೆ ಬಣ್ಣವೇ ಬೇಡ. ಸೋಪಿನಲ್ಲಿ ತೊಳೆದು ಒರೆಸಿದರೆ ಬಣ್ಣಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಮುಂದೆ ಹೇಳುವುದೆಲ್ಲ ಮುಖ್ಯವಾಗಿ ಬರಿ ಅಲ್ಯುಮಿನಿಯಂ ಬಾಗಿಲಿನ ಮಾತು.

ಹಂತ 2: ದಿನ ನೋಡಿ, ಜಾಗ ನೋಡಿ

ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಮೇಲು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಡೆ ಗಾಳಿಯ ತೇವ ತಣ್ಣನೆಯ ಲೋಹದ ಮೇಲೆ ಕೂರುತ್ತದೆ, ಕಣ್ಣಿಗೆ ಕಾಣದ ಆ ನೀರಿನ ಮೇಲೆ ಹಚ್ಚಿದ ಬಣ್ಣ ನಿಲ್ಲದು. ಗಾಳಿಯ ತೇವ ಶೇ 85ರ ಒಳಗಿರಬೇಕು ಎಂಬುದು ಬಣ್ಣದವರು ಸಾಮಾನ್ಯವಾಗಿ ಇಟ್ಟುಕೊಂಡ ಮಿತಿ. ನವೆಂಬರಿನಿಂದ ಮಾರ್ಚ್‌ವರೆಗಿನ ದಿನಗಳು ಎಲ್ಲ ಕಡೆಗೂ ಒಳ್ಳೆಯವು. ಬೆಂಗಳೂರು, ಮಡಿಕೇರಿಯಂಥ ಕಡೆ ಚಳಿಗಾಲದಲ್ಲಿ ಮುಂಜಾನೆಯ ಇಬ್ಬನಿ ಆರುವವರೆಗೆ ಕಾಯಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು: ಬಿಸಿಲಿಗೆ ಕಾದ ಲೋಹದ ಮೇಲೆ ಬ್ರಷ್ ಎಳೆಯುವಷ್ಟರಲ್ಲೇ ಬಣ್ಣ ಆರಿ ಗೆರೆಗೆರೆಯಾಗುತ್ತದೆ. ಅಂಗೈ ಇಟ್ಟರೆ ಹಿತವೆನಿಸುವಷ್ಟು ಮಾತ್ರ ಬಾಗಿಲು ಬೆಚ್ಚಗಿರಬೇಕು.

ಬಾಗಿಲನ್ನು ಕಳಚಿ ವರಾಂಡಕ್ಕೋ ಮಾಳಿಗೆಯ ನೆರಳಿಗೋ ತಂದು, ಎರಡು ಸ್ಟೂಲಿನ ಮೇಲೆ ಮಲಗಿಸಿ ಬಳಿಯುವುದು ಎಲ್ಲಕ್ಕಿಂತ ಉತ್ತಮ. ಮಲಗಿಸಿದ ಬಾಗಿಲಿನ ಮೇಲೆ ಬಣ್ಣ ಇಳಿಯುವುದಿಲ್ಲ. ಕಳಚಲಾಗದೆ ಅಲ್ಲೇ ಬಳಿಯುವುದಾದರೆ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ: ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ಸಿಲಿಂಡರಿನ ರೆಗ್ಯುಲೇಟರನ್ನೇ ಆರಿಸಿ, ತಿನ್ನರಿನ ವಾಸನೆ ಪೂರ್ತಿ ಹೋಗುವವರೆಗೆ ಅದನ್ನು ಹಚ್ಚಬೇಡಿ. ತಿನ್ನರಿನ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಿದಾಡುತ್ತದೆ, ಒಂದು ಕಿಡಿ ಸಾಕು. ದೇವರ ದೀಪ, ಬೀಡಿ ಸಿಗರೇಟು, ಅಡುಗೆ ಒಲೆ ಎಲ್ಲಕ್ಕೂ ಇದೇ ಎಚ್ಚರ.

ಹಂತ 3: ಸಾಮಾನು

7 ಅಡಿ ಎತ್ತರ, ಎರಡೂವರೆ ಅಡಿ ಅಗಲದ ಬಾಗಿಲು ಒಂದು ಮಗ್ಗುಲಿಗೆ 17.5 ಚದರ ಅಡಿ. ಎರಡು ಮಗ್ಗುಲು, ಎರಡು ಕೋಟು ಸೇರಿ 70 ಚದರ ಅಡಿ. ನುಣುಪಾದ ಲೋಹದ ಮೇಲೆ 1 ಲೀಟರ್ ಎನಾಮೆಲ್ ಒಂದು ಕೋಟಿಗೆ 100 ಚದರ ಅಡಿಗೆ ಕಡಿಮೆಯಿಲ್ಲದೆ ಬರುತ್ತದೆ. ಹಾಗಾಗಿ ಚೌಕಟ್ಟೂ ಸೇರಿ ಒಂದು ಲೀಟರ್ ಸಾಕು. ಪ್ರೈಮರ್ ಅರ್ಧ ಲೀಟರಿನ ಪ್ಯಾಕ್ ಸಿಕ್ಕರೆ ಅದೇ ತನ್ನಿ.

ಇದರ ಜೊತೆಗೆ 180, 220 ಮತ್ತು 320ನೇ ನಂಬರಿನ ವಾಟರ್ ಪೇಪರ್ ತಲಾ ಎರಡು ಮೂರು ಹಾಳೆ, ಪಾತ್ರೆ ತಿಕ್ಕುವ ಹಸಿರು ನೈಲಾನ್ ಸ್ಕ್ರಬ್, ಪಾತ್ರೆ ತೊಳೆಯುವ ಲಿಕ್ವಿಡ್, ಮಾಸ್ಕಿಂಗ್ ಟೇಪು, ಒಂದೂವರೆ ಇಂಚಿನ ಒಳ್ಳೆಯ ಬ್ರಷ್, 4 ಇಂಚಿನ ಫೋಮ್ ರೋಲರ್, ಬಿಳಿಯ ಹಳೆ ಹತ್ತಿ ಬಟ್ಟೆ, ಡಬ್ಬಿಯ ಮೇಲೆ ಹೇಳಿರುವ ತಿನ್ನರ್, ರಬ್ಬರ್ ಕೈಗವಸು, ಮಾಸ್ಕು. ಬಟ್ಟೆ ಬಿಳಿಯದೇ ಇರಲಿ ಅಂದದ್ದು ಕೊಳೆ ಬಂತೋ ಇಲ್ಲವೋ ಕಾಣಲೆಂದು. ಬ್ರಷ್ಷಿಗೆ ಮಾತ್ರ ಕಾಸು ಉಳಿಸಬೇಡಿ. ಅಗ್ಗದ ಬ್ರಷ್ಷಿನ ಕೂದಲು ಬಣ್ಣದಲ್ಲಿ ಸಿಕ್ಕಿಕೊಂಡು ಒಣಗಿದರೆ ತೆಗೆಯಲು ಮತ್ತೆ ತಿಕ್ಕಬೇಕಾಗುತ್ತದೆ.

ಕಬ್ಬಿಣದ ವೈರ್ ಬ್ರಷ್ಷನ್ನೂ ಸ್ಟೀಲ್ ಉಲ್ಲನ್ನೂ ಅಲ್ಯುಮಿನಿಯಂ ಹತ್ತಿರ ತರಲೇಬೇಡಿ. ಅವುಗಳ ಸಣ್ಣ ಚೂರುಗಳು ಮೆತ್ತನೆಯ ಅಲ್ಯುಮಿನಿಯಂನಲ್ಲಿ ನಾಟಿಕೊಂಡು, ಆಮೇಲೆ ಬಣ್ಣದ ಅಡಿಯಲ್ಲೇ ತುಕ್ಕು ಹಿಡಿದು ಕಂದು ಚುಕ್ಕೆಯಾಗಿ ಹೊರಬೀಳುತ್ತವೆ.

ಹಂತ 4: ಬಿಚ್ಚಿ, ತೊಳೆದು, ಮತ್ತೆ ತೊಳೆಯಿರಿ

ಚಿಲಕ, ಹಿಡಿ, ಬೀಗ ಬಿಚ್ಚಿಡಿ. ಕಬ್ಬಿಣದ ಸ್ಕ್ರೂಗಳು ತುಕ್ಕು ಹಿಡಿದಿದ್ದರೆ ಎಸೆದು ಸ್ಟೇನ್‌ಲೆಸ್ ಸ್ಕ್ರೂ ತನ್ನಿ. ಗಾಜಿನ ಸುತ್ತಲ ರಬ್ಬರ್ ಬೀಡಿಂಗು, ಹಿಂಜಿನ ತಿರುಗುವ ಭಾಗ, ಸರಿಯುವ ಕಿಟಕಿಯ ಟ್ರ್ಯಾಕು, ಕೆಳಗಡೆ ನೀರು ಹೊರಹೋಗಲೆಂದು ಕೊರೆದ ಸಣ್ಣ ತೂತುಗಳು, ಇವ್ಯಾವಕ್ಕೂ ಬಣ್ಣ ತಾಕಕೂಡದು. ತೂತು ಮುಚ್ಚಿದರೆ ನೀರು ಸೆಕ್ಷನ್ ಒಳಗೇ ನಿಲ್ಲುತ್ತದೆ. ಬಾಗಿಲಿನ ನಡುವಿನ ಹಲಗೆ ಲ್ಯಾಮಿನೇಟ್ ಅಥವಾ ಪಿವಿಸಿ ಶೀಟಾಗಿದ್ದರೆ ಅದನ್ನೂ ಟೇಪು, ಕಾಗದದಿಂದ ಮುಚ್ಚಿ ಬಿಟ್ಟುಬಿಡಿ. ಅದು ಲೋಹವಲ್ಲ, ಅದರ ಬಣ್ಣದ ಲೆಕ್ಕವೇ ಬೇರೆ.

ಈಗ ತೊಳೆಯುವುದು. ಬೆಚ್ಚನೆ ನೀರಿಗೆ ಪಾತ್ರೆಯ ಲಿಕ್ವಿಡ್ ಹಾಕಿ ನೈಲಾನ್ ಸ್ಕ್ರಬ್ಬಿನಿಂದ ಮೂಲೆ ಮೂಲೆ ತಿಕ್ಕಿ, ಧಾರಾಳ ನೀರಿನಲ್ಲಿ ಜಾಲಿಸಿ. ಬಚ್ಚಲು ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್, ಕಾಸ್ಟಿಕ್ ಸೋಡಾ ಬೇಡವೇ ಬೇಡ. ಬಿಳಿ ಪುಡಿ ಎದ್ದದ್ದೇ ಬಹಳ ಕಡೆ ಇವುಗಳಿಂದ. ಆಮ್ಲವೂ ಕ್ಷಾರವೂ ಆ ರಕ್ಷಣೆಯ ಪೊರೆಯನ್ನು ಕರಗಿಸಿ ಲೋಹವನ್ನೇ ತಿನ್ನುತ್ತವೆ. ಹೊಸ ಮನೆಯಲ್ಲಿ ಸಿಮೆಂಟು ಸಿಡಿದು ಒಣಗಿದ ಕಡೆ ಬಾಗಿಲಿನಲ್ಲಿ ಉಳಿಯುವ ಮಾಯದ ಕಲೆಗೂ ಅದೇ ಕಾರಣ, ಸಿಮೆಂಟು ಕ್ಷಾರ. ಹಳೆ ಬಣ್ಣ ಕೀಳಲು ಮಾರುವ ರಿಮೂವರ್ ಕೊಳ್ಳುವಾಗಲೂ ಅದರಲ್ಲಿ ಕಾಸ್ಟಿಕ್ ಇಲ್ಲವೆಂದು ನೋಡಿಕೊಳ್ಳಿ. ಕರಾವಳಿಯ ಮನೆಗಳಲ್ಲಿ ಕಣ್ಣಿಗೆ ಕಾಣದ ಉಪ್ಪು ಕೂತಿರುತ್ತದೆ. ಬಣ್ಣದ ಅಡಿ ಉಳಿದ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ, ಅದಕ್ಕೇ ಅಲ್ಲಿಯವರು ಎರಡು ಸಲ ಹೆಚ್ಚೇ ಜಾಲಿಸಬೇಕು.

ಒಣಗಿದ ಮೇಲೆ ಒಂದು ಬಟ್ಟೆಯನ್ನು ತಿನ್ನರಿನಲ್ಲಿ ಅದ್ದಿ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಒಂದೇ ಬಟ್ಟೆಯಲ್ಲಿ ಒರೆಸಿದರೆ ಜಿಡ್ಡು ಕರಗಿ ಮತ್ತೆ ಅಲ್ಲೇ ಹರಡಿಕೊಳ್ಳುತ್ತದೆ. ಸೀಮೆಎಣ್ಣೆ ಇದಕ್ಕೆ ಆಗದು, ಅದೇ ಎಣ್ಣೆಯ ಪಸೆ ಬಿಟ್ಟುಹೋಗುತ್ತದೆ.

ಸ್ವಚ್ಛವಾಯಿತೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ, ಖರ್ಚಿಲ್ಲದ್ದು, ಇದನ್ನು ಬಿಡಲೇಬೇಡಿ. ಶುದ್ಧ ನೀರು ಚಿಮುಕಿಸಿ. ನೀರು ಹನಿಹನಿಯಾಗಿ ಮುದುಡಿ ನಿಂತರೆ ಅಲ್ಲಿ ಜಿಡ್ಡು ಇನ್ನೂ ಇದೆ. ಒಂದೇ ಸಮ ತೆಳ್ಳಗೆ ಹರಡಿಕೊಂಡರೆ ಮೈ ಸಿದ್ಧ.

ಹಂತ 5: ತಿಕ್ಕಿ ಹೊಳಪು ಕಳೆಯಿರಿ

ಬಿಳಿ ಪುಡಿ, ಗುಳಿ ಇರುವ ಕಡೆ 180, ಉಳಿದ ಕಡೆ 220. ಒತ್ತಿ ಉಜ್ಜಬೇಕಿಲ್ಲ, ಲೋಹ ಸವೆಸುವುದು ನಮ್ಮ ಉದ್ದೇಶವಲ್ಲ. ಹೊಳಪು ಹೋಗಿ ಎಲ್ಲ ಕಡೆ ಒಂದೇ ಸಮನಾದ ಮಂಕು ಬೂದು ಬಂದರೆ ಸಾಕು. ಬೆಳಕಿಗೆ ಓರೆ ಮಾಡಿ ನೋಡಿದರೆ ಎಲ್ಲಿ ಬಿಟ್ಟುಹೋಗಿದೆ ಎಂದು ಹೊಳಪೇ ತೋರಿಸುತ್ತದೆ. ಚಿಲಕದ ಸುತ್ತ, ಅಂಚುಗಳಲ್ಲಿ, ಎರಡು ಸೆಕ್ಷನ್ ಕೂಡುವ ಮೂಲೆಯಲ್ಲಿ ಹೆಚ್ಚು ಹೊತ್ತು ಕೂರಿ, ಬಣ್ಣ ಏಳುವುದು ಶುರುವಾಗುವುದೇ ಅಲ್ಲಿಂದ. ಸೆಕ್ಷನ್ನಿನ ಕೊರಕಲುಗಳಿಗೆ ಕಾಗದವನ್ನು ಮಡಚಿ ಅಂಚಿನಿಂದ ತಿಕ್ಕಿ. ನೀರು ಹಾಕಿ ತಿಕ್ಕಿದರೆ ದೂಳು ಏಳುವುದಿಲ್ಲ, ಕಾಗದವೂ ಬೇಗ ಕಟ್ಟಿಕೊಳ್ಳುವುದಿಲ್ಲ.

ಗುಳಿ ಆಳವಾಗಿದ್ದರೆ ಕಾರು ರಿಪೇರಿಯವರು ಬಳಸುವ ಪಾಲಿಯೆಸ್ಟರ್ ಪುಟ್ಟಿ ತುಂಬಬಹುದು. ಗೋಡೆಯ ಪುಟ್ಟಿ ಲೋಹಕ್ಕೆ ಸಲ್ಲದು.

ತಿಕ್ಕಿದ ಮೇಲೆ ಮತ್ತೆ ಜಾಲಿಸಿ, ಒಣಗಿಸಿ, ಎರಡು ಬಟ್ಟೆಯ ಒರೆಸುವಿಕೆ ಇನ್ನೊಮ್ಮೆ. ಇಲ್ಲಿಂದ ಮುಂದೆ ಬರಿಗೈಯಿಂದ ಮುಟ್ಟಬೇಡಿ. ಬೆರಳಿನ ಬೆವರಿನಲ್ಲಿ ಎಣ್ಣೆಯೂ ಇದೆ, ಉಪ್ಪೂ ಇದೆ. ತಿಕ್ಕಿದ ಅಲ್ಯುಮಿನಿಯಂ ಮೇಲೆ ಹೊಸ ಪೊರೆ ಆಗಲೇ ಕಟ್ಟಿಕೊಂಡಿರುತ್ತದೆ, ಅದು ತೆಳ್ಳಗೆ, ಬಿಗಿಯಾಗಿ ಇರುವಾಗಲೇ ಪ್ರೈಮರ್ ಹಚ್ಚಬೇಕು. ಅದೇ ದಿನ, ಸಾಧ್ಯವಾದರೆ ಒಂದೆರಡು ಗಂಟೆಯೊಳಗೆ. ಇವತ್ತು ತಿಕ್ಕಿಟ್ಟು ಮುಂದಿನ ಭಾನುವಾರ ಬಳಿಯುವುದಾದರೆ ಆ ಭಾನುವಾರ ಮತ್ತೆ ತಿಕ್ಕಬೇಕು.

ಹಂತ 6: ಪ್ರೈಮರ್

ಈ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅಂಗಡಿಗೆ ಹೋಗಿ ಬರೀ ಮೆಟಲ್ ಪ್ರೈಮರ್ ಕೊಡಿ ಅಂದರೆ ನಿಮ್ಮ ಕೈಗೆ ರೆಡ್ ಆಕ್ಸೈಡ್ ಬರುವ ಸಂಭವವೇ ಹೆಚ್ಚು. ಅಲ್ಯುಮಿನಿಯಂಗೆ ಎಂದು ಬಾಯಿಬಿಟ್ಟು ಹೇಳಿ, ಡಬ್ಬಿಯ ಮೇಲೂ ಹಾಗೆ ಬರೆದಿದೆಯೇ ನೋಡಿ.

ದಾರಿ ಎರಡಿವೆ. ಒಂದು ಎಚ್ (etch) ಪ್ರೈಮರ್, ಕೆಲವರು ವಾಶ್ ಪ್ರೈಮರ್ ಎನ್ನುತ್ತಾರೆ. ಪಾಲಿವಿನೈಲ್ ಬ್ಯುಟಿರಾಲ್ ಎಂಬ ರಾಳದ ಡಬ್ಬಿ ಒಂದು, ಫಾಸ್ಫಾರಿಕ್ ಆಮ್ಲವಿರುವ ಬಾಟಲಿ ಒಂದು. ಎರಡನ್ನೂ ಬೆರೆಸಿ ಹಚ್ಚಿದಾಗ ಆಮ್ಲ ಲೋಹದ ಮೈಯನ್ನು ಸೂಕ್ಷ್ಮವಾಗಿ ಕೊರೆದು ರಾಳಕ್ಕೆ ಹಿಡಿತ ಒದಗಿಸುತ್ತದೆ. ಇದನ್ನು ಬಹಳ ತೆಳ್ಳಗೆ ಹಚ್ಚಬೇಕು, ಹತ್ತು ಮೈಕ್ರಾನಿನ ಆಸುಪಾಸು, ಅಡಿಯ ಲೋಹ ಇನ್ನೂ ಮಸುಕಾಗಿ ಕಾಣುತ್ತಿರುವಷ್ಟು. ದಪ್ಪ ಹಚ್ಚಿದರೆ ಅದೇ ಸೀಳಿ ಎದ್ದುಬರುತ್ತದೆ. ಇದು ಬರೀ ಹಿಡಿತಕ್ಕೆ, ನೀರು ತಡೆಯುವ ಶಕ್ತಿ ಇದಕ್ಕಿಲ್ಲ. ಹಾಗಾಗಿ ಡಬ್ಬಿಯಲ್ಲಿ ಹೇಳಿದ ಹೊತ್ತಿನೊಳಗೆ ಮೇಲೆ ಇನ್ನೊಂದು ಪ್ರೈಮರ್ ಕೋಟು ಬೀಳಲೇಬೇಕು. ಈ ಬಗೆಯ ಹಳದಿ ಪ್ರೈಮರುಗಳಲ್ಲಿ ಝಿಂಕ್ ಕ್ರೋಮೇಟ್ ಇರುವುದುಂಟು. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಝಿಂಕ್ ಫಾಸ್ಫೇಟಿನದು ಸಿಗುವಾಗ ಮನೆಗೆ ಕ್ರೋಮೇಟಿನದನ್ನು ತರುವ ಅಗತ್ಯವೇ ಇಲ್ಲ. ತಂದದ್ದೇ ಆದರೆ ಒಣಗಿದ ಮೇಲೆ ದೂಳೇಳುವಂತೆ ಎಂದೂ ತಿಕ್ಕಬೇಡಿ.

ಇನ್ನೊಂದು ದಾರಿ ಎರಡು ಡಬ್ಬಿಯ ಎಪಾಕ್ಸಿ ಪ್ರೈಮರ್. ಹೊಸಬರಿಗೆ ನಾನು ಹೇಳುವುದು ಇದನ್ನೇ. ಚೆನ್ನಾಗಿ ತಿಕ್ಕಿದ ಅಲ್ಯುಮಿನಿಯಂ ಮೇಲೆ ನೇರವಾಗಿ ಹಚ್ಚಬಹುದು, ಬಚ್ಚಲಿನ ನೀರಿಗೂ ಸೋಪಿಗೂ ಜಗ್ಗುವುದಿಲ್ಲ. ಬೇಸು, ಹಾರ್ಡನರುಗಳನ್ನು ಡಬ್ಬಿಯಲ್ಲಿ ಹೇಳಿದ ಅಳತೆಗೇ ಬೆರೆಸಿ. ಬೇಗ ಒಣಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ಪದರ ಅಂಟಂಟಾಗಿಯೋ ಪೆಡಸಾಗಿಯೋ ಕೆಡುತ್ತದೆ. ಮೊದಲು ಬೇಸನ್ನು ತಳದಿಂದ ಕಲಕಿ. ತೂಕದ ಪುಡಿಯೆಲ್ಲ ಅಡಿಯಲ್ಲಿ ಕೂತಿರುತ್ತದೆ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಪ್ರೈಮರ್ ಪ್ರೈಮರಾಗಿ ಉಳಿಯುವುದಿಲ್ಲ. ಬೆರೆಸಿದ ಮೇಲೆ ಹತ್ತಿಪ್ಪತ್ತು ನಿಮಿಷ ಹಾಗೇ ಬಿಡಲು ಹೇಳಿದ್ದರೆ ಬಿಡಿ. ಬೆರೆಸಿದ ಮಾಲು ನಾಲ್ಕಾರು ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಆದ್ದರಿಂದ ಬೇಕಾದಷ್ಟೇ ಬೆರೆಸಿ. ಎಚ್ ಪ್ರೈಮರ್ ಮೇಲೆ ಎಪಾಕ್ಸಿ ಹಚ್ಚಿದರೆ ಎರಡು ಪಟ್ಟು ಗಟ್ಟಿಯೆಂದು ತೋರಬಹುದು. ಹಾಗಲ್ಲ, ಉಳಿದ ಆಮ್ಲ ಎಪಾಕ್ಸಿ ಕೂಡಿಕೊಳ್ಳುವುದನ್ನು ಕೆಡಿಸಬಹುದು. ತಯಾರಕರೇ ಹಾಗೆ ಹೇಳಿದ್ದರೆ ಹೊರತು ಒಂದು ದಾರಿಯನ್ನಷ್ಟೇ ಹಿಡಿಯಿರಿ.

ಹಚ್ಚುವ ಕ್ರಮ: ಮೂಲೆ, ಕೊರಕಲು, ಸ್ಕ್ರೂ ತೂತಿನ ಸುತ್ತ ಮೊದಲು ಬ್ರಷ್ಷಿನಲ್ಲಿ, ಆಮೇಲೆ ಅಗಲ ಭಾಗಕ್ಕೆ ರೋಲರ್. ಬಾಗಿಲಿನ ಕೆಳ ಅಂಚನ್ನು ಮರೆಯಬೇಡಿ. ಯಾರಿಗೂ ಕಾಣದ ಆ ಅಂಚಿಗೇ ದಿನವೂ ನೀರು ತಾಕುವುದು. ರಾತ್ರಿಯಿಡೀ ಒಣಗಲು ಬಿಟ್ಟು, 320ರಿಂದ ಹಗುರಾಗಿ ಸವರಿ ದೂಳು ಒರೆಸಿ.

ಹಂತ 7: ಬಣ್ಣ

ಮನೆಯೊಳಗಿನ ಬಾಗಿಲಿಗೆ ಸಾಮಾನ್ಯ ಸಿಂಥೆಟಿಕ್ ಎನಾಮೆಲ್ ಸಾಕು. ಬ್ರಷ್ಷಿಗೆ ಒಲಿಯುತ್ತದೆ, ಎಲ್ಲ ಊರಲ್ಲೂ ಸಿಗುತ್ತದೆ. ಬಿಳಿ ಎನಾಮೆಲ್ ಬೆಳಕು ಕಾಣದ ಕಡೆ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ, ಹಾಗಾಗಿ ಕತ್ತಲೆ ಬಚ್ಚಲಿಗೆ ತಿಳಿ ಬೂದೋ ಕೆನೆಬಣ್ಣವೋ ಉತ್ತಮ. ಬಿಸಿಲು ಬೀಳುವ ಬಾಗಿಲಿಗೆ ಪಿಯು (ಪಾಲಿಯುರೆಥೇನ್) ಬಣ್ಣ ಹೆಚ್ಚು ಬಾಳುತ್ತದೆ. ಎಪಾಕ್ಸಿಯನ್ನೇ ಮೇಲ್ಬಣ್ಣವಾಗಿ ಬಿಸಿಲಿಗೆ ಬಿಡಬೇಡಿ, ಕೆಲವೇ ತಿಂಗಳಲ್ಲಿ ಸುಣ್ಣದ ಪುಡಿ ಏಳುತ್ತದೆ. ಪಿಯು ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಬಹಳ ಕೆಟ್ಟದ್ದು. ಮನೆಯಲ್ಲಿ ಅದನ್ನು ಸ್ಪ್ರೇ ಮಾಡಲೇಬೇಡಿ. ಆಸ್ತಮಾ ಇರುವವರು ಬ್ರಷ್ ಹಿಡಿದೂ ಅದರ ಹತ್ತಿರ ಹೋಗುವುದು ಬೇಡ.

ಎರಡು ತೆಳು ಕೋಟು ಒಂದು ದಪ್ಪ ಕೋಟಿಗಿಂತ ಎಷ್ಟೋ ಮೇಲು. ದಪ್ಪ ಎನಾಮೆಲ್ ಮೇಲ್ಗಡೆ ಕೆನೆ ಕಟ್ಟಿ, ಒಳಗೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಬ್ರಷ್ಷಿನ ಮೂರನೇ ಒಂದು ಭಾಗವನ್ನಷ್ಟೇ ಅದ್ದಿ. ಮೊದಲು ಅಡ್ಡಕ್ಕೆ ಹರಡಿ, ಕೊನೆಗೆ ಮೇಲಿಂದ ಕೆಳಕ್ಕೆ ಒಂದೇ ಉದ್ದದ ಹಗುರ ಎಳೆತ. ಆರತೊಡಗಿದ ಕಡೆಗೆ ಬ್ರಷ್ ಮತ್ತೆ ಹಿಂತಿರುಗಕೂಡದು. ಎಲ್ಲೋ ಒಂದು ಹನಿ ಇಳಿದದ್ದು ಆಮೇಲೆ ಕಂಡರೆ ಬಿಟ್ಟುಬಿಡಿ, ಒಣಗಿದ ಮೇಲೆ ತಿಕ್ಕಿ ತೆಗೆಯಬಹುದು. ಮೊದಲ ಕೋಟು ರಾತ್ರಿ ಕಳೆದು ಒಣಗಿದ ಮೇಲೆ 320ರಿಂದ ಮೆಲ್ಲಗೆ ಸವರಿ ಎರಡನೆಯದು ಹಚ್ಚಿ. ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟು ಪೂರ್ತಿ ಗಟ್ಟಿಯಾಗುವ ಮೊದಲೇ ಓರೆಯಾಗಿ ಎಳೆದು ತೆಗೆಯಿರಿ.

ಹಂತ 8: ಕಾಯಿರಿ

ಮುಟ್ಟಿದರೆ ಅಂಟುವುದಿಲ್ಲ ಎಂದ ಮಾತ್ರಕ್ಕೆ ಬಣ್ಣ ಗಟ್ಟಿಯಾಗಿದೆ ಎಂದಲ್ಲ. ಎನಾಮೆಲ್ ಪೂರ್ತಿ ಬಲಿಯಲು ಒಂದು ವಾರ ಬೇಕು. ಬಾಗಿಲನ್ನು ಬೇಗ ಸಿಕ್ಕಿಸಿ ಮುಚ್ಚಿದರೆ ಬಣ್ಣ ಚೌಕಟ್ಟಿಗೆ ಅಂಟಿ, ತೆರೆಯುವಾಗ ಕಿತ್ತು ಬರುತ್ತದೆ. ಮನೆಯಲ್ಲಿ ಒಂದೇ ಬಚ್ಚಲಿದ್ದರೆ ಆ ವಾರ ಪರದೆಯೊಂದನ್ನು ಕಟ್ಟಿಕೊಂಡು ಸುಧಾರಿಸಬೇಕು, ಬೇರೆ ದಾರಿಯಿಲ್ಲ.

ಬಣ್ಣ ಕೂತಿತೇ ಎಂದು ಖಚಿತ ಮಾಡಿಕೊಳ್ಳಬೇಕೆಂದರೆ, ಇಡೀ ಬಾಗಿಲಿಗೆ ಕೈ ಹಾಕುವ ಮೊದಲೇ ಮರೆಯ ಜಾಗದಲ್ಲಿ ಅಂಗೈಯಷ್ಟು ಕಡೆ ಎಲ್ಲ ಹಂತಗಳನ್ನೂ ಮಾಡಿ ನೋಡಿ. ವಾರದ ಬಳಿಕ ಬ್ಲೇಡಿನಿಂದ ಅಡ್ಡ ಆರು, ಉದ್ದ ಆರು ಗೆರೆ ಕೊಯ್ದು, ಮೇಲೆ ಗಟ್ಟಿ ಟೇಪನ್ನು ಒತ್ತಿ ಅಂಟಿಸಿ ಸರ್ರನೆ ಎಳೆಯಿರಿ. ಚೌಕಗಳು ಟೇಪಿಗೆ ಬಾರದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಬಂದರೆ ತೊಳೆಯುವುದರಲ್ಲೋ ಪ್ರೈಮರಿನಲ್ಲೋ ಕೊರತೆಯಿದೆ.

ಕಬ್ಬಿಣದ ಗ್ರಿಲ್ಲು, ಗೇಟು

ಇಲ್ಲಿ ರೆಡ್ ಆಕ್ಸೈಡ್ ತನ್ನ ಜಾಗದಲ್ಲಿದೆ. ಸಡಿಲ ತುಕ್ಕನ್ನು ವೈರ್ ಬ್ರಷ್, 80ನೇ ನಂಬರಿನ ಎಮರಿಯಿಂದ ಗಟ್ಟಿ ಕಬ್ಬಿಣ ಕಾಣುವವರೆಗೆ ತೆಗೆಯಬೇಕು. ಕೈಗೆ ಸಿಗದ ಸಂದಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ವೆಲ್ಡಿಂಗ್ ಶಾಪಿನಿಂದ ಬರುವ ಹೊಸ ಗೇಟಿನ ಬಗ್ಗೆ ಎಚ್ಚರ ಬೇಕು. ಅದರ ಮೇಲಿರುವ ಕೆಂಪು ಬಹಳ ಸಲ ತಿನ್ನರ್ ಸುರಿದು ನೀರಾಗಿಸಿದ ಒಂದು ಕೋಟು, ಅದೂ ತುಕ್ಕು, ವೆಲ್ಡಿಂಗಿನ ಕಿಟ್ಟದ ಮೇಲೆಯೇ. ಬೆಸುಗೆಯ ಜಾಗಗಳನ್ನು ಕೆರೆದು ತಟ್ಟಿ ಕಿಟ್ಟ ತೆಗೆದು, ನೀವೇ ಇನ್ನೊಂದು ಕೋಟು ರೆಡ್ ಆಕ್ಸೈಡ್ ಹಚ್ಚಿ. ಅದನ್ನು ಹಾಗೆಯೇ ತಿಂಗಳುಗಟ್ಟಲೆ ಬಿಡಬೇಡಿ. ರೆಡ್ ಆಕ್ಸೈಡ್ ತಾನೊಂದೇ ಮಳೆ ತಡೆಯದು, ಮೇಲೆ ಎನಾಮೆಲ್ ಬೇಕೇ ಬೇಕು. ನೀರು ನಿಲ್ಲುವ ಕೆಳಪಟ್ಟಿಗೆ, ಬೆಸುಗೆಗಳಿಗೆ ಒಂದು ಕೋಟು ಹೆಚ್ಚು ಕೊಡಿ.

ಹಳೆ ಗ್ರಿಲ್ಲಿನ ಮಾತು ಬಂದಾಗ ಸೀಸದ ಮಾತು ಆಡಲೇಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಕೂಡದೆಂಬ ಕೇಂದ್ರದ ನಿಯಮ 2016ರಲ್ಲಿ ಹೊರಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕೂ ಹಿಂದಿನ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಕಿತ್ತಳೆ, ಹಸಿರು ಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಂಭವವಿದೆ. ಹಳೆಯ ಕೆಂಪು ಸೀಸದ ಪ್ರೈಮರೂ ಅಡಿಯಲ್ಲಿರಬಹುದು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಸರಿಪಡಿಸಲಾಗದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಇದರ ಬಗ್ಗೆ ವರ್ಷಗಟ್ಟಲೆ ಎಚ್ಚರಿಸುತ್ತ ಬಂದವರು. ಆದ್ದರಿಂದ ಹಳೆ ಬಣ್ಣವನ್ನು ಒಣಗಿದಂತೆಯೇ ತಿಕ್ಕಬೇಡಿ, ಗ್ರೈಂಡರ್ ಹಿಡಿಯಬೇಡಿ, ಬೆಂಕಿಯಿಂದ ಸುಡಬೇಡಿ. ನೀರು ಹಾಕಿ ಕೈಯಲ್ಲೇ ತಿಕ್ಕಿ, ಅಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಕೆಸರನ್ನು ಕಟ್ಟಿ ಬೇರೆ ಇಡಿ. ಗರ್ಭಿಣಿಯರು, ಮಕ್ಕಳು ಆ ದಿನ ಮನೆಯ ಆ ಕಡೆ ಸುಳಿಯದಿರಲಿ. ಕೆಲಸದ ಹೊತ್ತು ತೊಟ್ಟ ಬಟ್ಟೆಯನ್ನು ಉಳಿದ ಬಟ್ಟೆಗಳ ಜೊತೆ ಒಗೆಯಬೇಡಿ.

ಜಿಐ ಶೀಟು, ಪೈಪು, ಉಕ್ಕಿನ ಬೀರು

ಜಿಐ ಮೇಲೆ ಎನಾಮೆಲನ್ನಾಗಲಿ ಎಣ್ಣೆಯ ಪ್ರೈಮರನ್ನಾಗಲಿ ನೇರ ಬಳಿದರೆ ಮೊದಲು ಚೆನ್ನಾಗಿಯೇ ಕೂರುತ್ತದೆ. ಆದರೆ ಸತುವು ಬಣ್ಣದಲ್ಲಿರುವ ಎಣ್ಣೆಯ ಆಮ್ಲಗಳ ಜೊತೆ ಸೇರಿ ನಿಧಾನವಾಗಿ ಒಂದು ಬಗೆಯ ಸಾಬೂನಾಗುತ್ತದೆ, ಆ ಜಾರು ಪದರದ ಮೇಲೆ ಬಣ್ಣ ಹಾಳೆಹಾಳೆಯಾಗಿ ಕಳಚುತ್ತದೆ. ತೊಳೆದು, ಹಗುರಾಗಿ ತಿಕ್ಕಿ, ಸತುವಿಗೆ ಸಲ್ಲುವ ಎಚ್ ಪ್ರೈಮರ್ ಅಥವಾ ಎಪಾಕ್ಸಿ ಹಚ್ಚಿದ ಮೇಲೆಯೇ ಎನಾಮೆಲ್. ತಿಕ್ಕುವಾಗ ಸತುವಿನ ಪದರವೇ ಹೋಗದಂತೆ ನೋಡಿಕೊಳ್ಳಿ.

ಉಕ್ಕಿನ ಬೀರುವಿನ ಕಾರ್ಖಾನೆ ಬಣ್ಣ ಗಟ್ಟಿಯಾಗಿದ್ದರೆ 320ರಿಂದ ಹೊಳಪು ಕಳೆದು ನೇರ ಎನಾಮೆಲ್ ಹಚ್ಚಬಹುದು. ತುಕ್ಕು ಎದ್ದ ಕಡೆಗೆ ಮಾತ್ರ ಕೆರೆದು ಪ್ರೈಮರ್.

ಉಳಿದದ್ದು

ಬೆರೆಸಿ ಉಳಿದ ಎಪಾಕ್ಸಿಯನ್ನು ಮುಚ್ಚಿಡಬೇಡಿ, ಗಟ್ಟಿಯಾಗುವಾಗ ಬಿಸಿಯೇಳುತ್ತದೆ. ತೆರೆದ ಡಬ್ಬಿಯಲ್ಲಿ ಹೊರಗಿಟ್ಟು ಕಲ್ಲಾದ ಮೇಲೆ, ಖಾಲಿ ಬಣ್ಣದ ಡಬ್ಬಿಗಳ ಜೊತೆ ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿ ಕೊಡಿ. ತಿನ್ನರನ್ನು ಬಚ್ಚಲ ಮೋರಿಗೆ ಸುರಿಯಬೇಡಿ. ಎನಾಮೆಲ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾವಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ತಂತಿಯ ಮೇಲೆ ಒಣಹಾಕಿ. ಉಳಿದ ಎನಾಮೆಲ್ ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಹೆಸರು, ಶೇಡ್ ನಂಬರು, ಹಚ್ಚಿದ ತಾರೀಕು ಬರೆದಿಡಿ. ಚಿಲಕದ ಹತ್ತಿರ ಗೀರು ಬಿದ್ದು ಲೋಹ ಕಂಡರೆ ನೀರು ಒಳಸೇರುವ ಮುನ್ನ ಅಲ್ಲಿಗಷ್ಟೇ 320ರಿಂದ ತಿಕ್ಕಿ, ಒರೆಸಿ, ಸಣ್ಣ ಬ್ರಷ್ಷಿನಲ್ಲಿ ಅಲ್ಯುಮಿನಿಯಂ ಪ್ರೈಮರ್, ಮಾರನೆಯ ದಿನ ಅದೇ ಡಬ್ಬಿಯ ಬಣ್ಣ ಹಚ್ಚಿ.